ಏರಿಯಾ ಹೇಗೆ, ಸ್ಕೂಲ್ ಹೇಗೆ

ಪ್ರತಿಯೊಬ್ಬ ಮನುಷ್ಯನಿಗೂ ಯಾವುದಾದರೊಂದು ವಿಷಯದಲ್ಲಿ ತನ್ನ ಕಣ್ಣು ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆ ಇರುತ್ತದೆ. ನನ್ನ ದೊಡ್ಡಪ್ಪನಿಗೆ ಹಲಸಿನ ಹಣ್ಣಿನ ವಿಷಯದಲ್ಲಿ ಅಂಥ ನಂಬಿಕೆಯಿತ್ತು. ಬೆರಳಿನಲ್ಲಿ ಎರಡು ಸಲ ಬಡಿದು, ಕಿವಿ ಹತ್ತಿರ ಹಿಡಿದು, ಇದನ್ನು ಇವತ್ತೇ ಕೊಯ್ಯಿರಿ, ಅದು ನಾಡಿದ್ದು ಸಾಕು ಎನ್ನುತ್ತಿದ್ದರು. ನನ್ನ ಮಾವನವರಿಗೆ ಅಳಿಯಂದಿರನ್ನು ಆರಿಸುವ ವಿಷಯದಲ್ಲಿ ಅದೇ ನಂಬಿಕೆಯಿತ್ತಂತೆ. ನನ್ನ ಮದುವೆಯಾದ ಮೇಲೆ ಅವರು ಆ ಮಾತನ್ನು ಆಡುವುದನ್ನು ನಿಲ್ಲಿಸಿದರು ಎಂದು ನನ್ನ ಹೆಂಡತಿ ವನಜ ಹೇಳುತ್ತಾಳೆ. ನನ್ನ ಪಾಲಿಗೆ ಬಂದದ್ದು ಹೋಟೆಲು. ಗುಜರಾತಿನಲ್ಲಿ ಇಷ್ಟು ವರ್ಷ ಇಡ್ಲಿ ದೋಸೆ ಮಾರಿಕೊಂಡು ಬಂದವನಾದ್ದರಿಂದ ಯಾವ ಹೋಟೆಲಿಗೆ ಹೋದರೂ ಬಾಗಿಲಲ್ಲೇ ಸಾಂಬಾರಿನ ವಾಸನೆ ಹಿಡಿದು ಅಡಿಗೆಯವನು ಯಾವ ಕಡೆಯವನೆಂದು ಹೇಳಬಲ್ಲೆ. ಕೈ ತೊಳೆಯುವ ಜಾಗದ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದರೆ ಮಾಲೀಕನ ಸ್ವಭಾವ ತಿಳಿಯುತ್ತದೆ. ಇಂಥವನಿಗೆ ಒಂದು ಸ್ಕೂಲು, ಒಂದು ಬಡಾವಣೆ ಅಳೆಯುವುದು ಯಾವ ದೊಡ್ಡ ಕೆಲಸ ಎಂದು ಕಳೆದ ಚಳಿಗಾಲದಲ್ಲಿ ನನಗೆ ಅನ್ನಿಸಿತು. ಮನುಷ್ಯ ಕೆಡುವುದು ಹೀಗೆಯೇ.

ವಿಷಯ ಇಷ್ಟು. ನಾವು ಉಡುಪಿ ಕಡೆಯವರು. ಮೊದಲು ವಡೋದರಾದಲ್ಲಿದ್ದೆವು. ಆಗ ಮೂರು ವರ್ಷಗಳಿಂದ ಸೂರತ್ತಿನ ಕತಾರ್‌ಗಾಮ್‌ನಲ್ಲಿ ನನ್ನದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಸುತ್ತಮುತ್ತ ವಜ್ರ ಉಜ್ಜುವ ಕಾರ್ಖಾನೆಗಳಿರುವುದರಿಂದ ಗಿರಾಕಿಗಳಿಗೇನೂ ಕೊರತೆಯಿರಲಿಲ್ಲ. ವನಜಳ ಅಣ್ಣ, ಅಂದರೆ ನನ್ನ ಭಾವ, ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ದೊಡ್ಡ ಹೋಟೆಲು ನಡೆಸುತ್ತಿದ್ದರು. ಅವರು ಒಂದು ದಿನ ಫೋನು ಮಾಡಿ, "ನನ್ನ ಮೊಣಕಾಲು ಇನ್ನು ಕೇಳುದಿಲ್ಲ ಮಾರಾಯ. ನಾನು ಊರಿಗೆ ಹೋಗ್ತೇನೆ. ಇದನ್ನು ನೀನು ನೋಡಿಕೋ, ಕತಾರ್‌ಗಾಮಿನದ್ದು ನಿನ್ನ ತಮ್ಮ ನೋಡಿಕೊಳ್ಳಲಿ" ಎಂದರು. ನಾನು ಹೂಂ ಅಂದೆ. ಹೋಟೆಲಿನವನಿಗೆ ಊರು ಬದಲಿಸುವುದು ಕಷ್ಟವಲ್ಲ. ಕಲ್ಲು, ಹಂಡೆ, ಗ್ರೈಂಡರು ಎಲ್ಲಿಟ್ಟರೂ ನಡೆಯುತ್ತವೆ. ಕಷ್ಟ ಇರುವುದು ಮಕ್ಕಳ ವಿಷಯದಲ್ಲಿ.

ಇಲ್ಲಿ ಒಂದು ತಪ್ಪೊಪ್ಪಿಗೆ ಆಗಬೇಕು. ವಡೋದರಾದಿಂದ ಸೂರತ್ತಿಗೆ ಬಂದಾಗ ನಮ್ಮ ಮಗಳು ಧೃತಿಗೆ ಏಳು ವರ್ಷ. ಮನೆಯ ಹತ್ತಿರದ ಸ್ಕೂಲು ಯಾವುದು ಎಂದು ಕೇಳಿ, ಅದರ ಬಣ್ಣವನ್ನೂ ಸರಿಯಾಗಿ ನೋಡದೆ ಸೇರಿಸಿದ್ದೆ. ಹೊಸ ಹೋಟೆಲಿನ ಗಡಿಬಿಡಿ. ನಾಲ್ಕು ತಿಂಗಳಾದ ಮೇಲೆ ಟೀಚರು ಕರೆಸಿ ಬಹಳ ಮೆತ್ತಗೆ, "ಬೇಬಿಗೆ ಮಾತು ಬರುತ್ತದೆಯಲ್ಲ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಾಲ್ಕು ತಿಂಗಳಲ್ಲಿ ಧೃತಿ ಆ ತರಗತಿಯಲ್ಲಿ ಒಂದು ಶಬ್ದವನ್ನೂ ಆಡಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ನೀರು ಬೇಕಾದರೆ ಬಾಟಲಿ ತೋರಿಸುತ್ತಿದ್ದಳು. ಮನೆಯಲ್ಲಿ ಹೇಗಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದರೆ ನನಗೆ ನೆನಪೇ ಆಗಲಿಲ್ಲ. ನಾನು ಮನೆಗೆ ಬರುವಾಗ ಅವಳು ಮಲಗಿರುತ್ತಿದ್ದಳು. ಆಮೇಲೆ ನಿಧಾನವಾಗಿ ಎಲ್ಲ ಸರಿಯಾಯಿತು ಎನ್ನಿ. ಆದರೆ ಆ ಟೀಚರ ನಗದ ಮುಖ ನನಗೆ ಮರೆತಿರಲಿಲ್ಲ. ಈ ಸಲ ಹಾಗಾಗಲು ಬಿಡುವುದಿಲ್ಲ, ಸ್ಕೂಲನ್ನೂ ಏರಿಯಾವನ್ನೂ ನಾನೇ ಕೂಲಂಕಷವಾಗಿ ಪರೀಕ್ಷಿಸಿ ಆರಿಸುತ್ತೇನೆ ಎಂದು ಹೋಟೆಲಿನ ಗಲ್ಲಾದಲ್ಲಿ ಕೂತೇ ಶಪಥ ಮಾಡಿದೆ.

ಗಲ್ಲಾದಲ್ಲಿ ಕೂತು ಶಪಥ ಮಾಡಬಾರದು. ಮಾಡಿದರೂ ಗಿರಾಕಿಗಳಿಗೆ ಕೇಳುವ ಹಾಗೆ ಮಾಡಬಾರದು. ನಮ್ಮಲ್ಲಿ ದಿನಾ ಮಸಾಲೆ ದೋಸೆ ತಿನ್ನುತ್ತಿದ್ದ ವಜ್ರದ ಕೆಲಸದ ಹಿರಿಯರೊಬ್ಬರಿದ್ದರು. ಅವರು ತಟ್ಟೆ ಪಕ್ಕಕ್ಕಿಟ್ಟು, "ಅಣ್ಣಾ, ಹೀರೋ ನೋಡುವುದು ಹೇಗೆ ಗೊತ್ತೇ? ಮೇಲೆ ಹೊಳೆಯುವುದನ್ನು ನೋಡಬಾರದು. ಬೆಳಕಿಗೆ ಹಿಡಿದು ಒಳಗಿನ ಚುಕ್ಕೆ ನೋಡಬೇಕು. ಸ್ಕೂಲೂ ಹಾಗೆಯೇ" ಎಂದರು. ಅವರ ಭಾಷೆಯಲ್ಲಿ ಹೀರೋ ಅಂದರೆ ವಜ್ರ. ಸ್ಕೂಲನ್ನು ಬೆಳಕಿಗೆ ಹಿಡಿಯುವುದು ಹೇಗೆಂದು ಅವರು ಹೇಳಲಿಲ್ಲ. ಸೀರೆ ವ್ಯಾಪಾರದ ಇನ್ನೊಬ್ಬರು, ಮಕ್ಕಳ ಯೂನಿಫಾರ್ಮಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡು, ಪಾಲಿಯೆಸ್ಟರು ಜಾಸ್ತಿ ಇದ್ದರೆ ಆಡಳಿತ ಮಂಡಳಿ ಸರಿಯಿಲ್ಲ ಎಂದುಕೋ ಎಂದರು. ಗುರುತಿಲ್ಲದ ಮಕ್ಕಳ ಅಂಗಿ ಹಿಡಿದು ನೋಡಿದರೆ ನನ್ನ ಕೊರಳಪಟ್ಟಿಯನ್ನು ಯಾರು ಹಿಡಿದು ನೋಡುತ್ತಾರೋ ಎಂಬ ಭಯದಿಂದ ಆ ಉಪಾಯವನ್ನು ಬಿಟ್ಟೆ. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಒಂದೇ ಸ್ಕೂಲಿಗೆ ಒಬ್ಬರು ಐದು ನಕ್ಷತ್ರ ಕೊಟ್ಟು ಸ್ವರ್ಗ ಎಂದಿದ್ದರು, ಇನ್ನೊಬ್ಬರು ಒಂದು ನಕ್ಷತ್ರ ಕೊಟ್ಟು ಪಾರ್ಕಿಂಗ್ ಇಲ್ಲ ಎಂದಿದ್ದರು. ಅಲ್ಲಿಯ ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆಂದು ಮಾತ್ರ ಯಾರೂ ಬರೆದಿರಲಿಲ್ಲ. ಕೊನೆಗೆ ನಾನೇ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ನೀರು, ಶೌಚಾಲಯ, ಮೈದಾನ, ದೂರ, ಶಿಸ್ತು ಎಂದು ಬರೆದು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ವ್ಯವಸ್ಥೆ ಮಾಡಿಕೊಂಡೆ. ವನಜ ಅದನ್ನು ನೋಡಿ, "ಮಕ್ಕಳು ಅಂತ ಒಂದು ಕಾಲಂ ಇಲ್ವಾ?" ಎಂದಳು. ಮಕ್ಕಳು ಎಲ್ಲ ಕಡೆಯೂ ಇರುತ್ತಾರೆ ಎಂದು ನಾನು ವಿವರಿಸಿದೆ.

ಸೋಮವಾರ ನಮ್ಮ ಹೋಟೆಲಿಗೆ ರಜೆ. ಹಾಗಾಗಿ ಒಳ್ಳೆಯ ಸ್ಕೂಲು ಹುಡುಕುವ ಸಲುವಾಗಿ ಮಗಳಿಗೆ ಮೂರು ಸೋಮವಾರ ಸ್ಕೂಲು ತಪ್ಪಿಸಿ, ಬೆಳಗಿನ ರೈಲು ಹಿಡಿದು ಮೂವರೂ ಅಹಮದಾಬಾದಿಗೆ ಹೋದೆವು. ಮನೆ ತೋರಿಸಲು ಭಾವ ಒಬ್ಬ ಬ್ರೋಕರನ್ನು ಗೊತ್ತು ಮಾಡಿದ್ದರು. ಹೆಸರು ಹಸಮುಖಭಾಯಿ. ಅಂದರೆ ನಗುಮುಖದವನು ಎಂದರ್ಥ. ಆ ಮನುಷ್ಯ ನಕ್ಕದ್ದನ್ನು ನಾವು ಕಡೆಯವರೆಗೂ ನೋಡಲಿಲ್ಲ. ಅವರ ಬಳಿ ಪ್ರತಿ ಬಡಾವಣೆಗೂ ಎರಡೇ ವರ್ಣನೆಗಳಿದ್ದವು. ಒಂದು, "ಏಕ್‌ದಮ್ ಶಾಂತಿ." ಇನ್ನೊಂದು, "ಸ್ಕೂಲ್ ತೋ ಬಾಜುಮಾ ಜ," ಅಂದರೆ ಸ್ಕೂಲು ಪಕ್ಕದಲ್ಲೇ ಇದೆ. ಬಾಜುಮಾ ಜ ಎಂದ ಮೊದಲನೆಯ ಸ್ಕೂಲಿಗೆ ಹೋಗಲು ಎರಡು ಫ್ಲೈಓವರು ಹತ್ತಿ ಇಳಿಯಬೇಕಾಯಿತು. ನಾನು ಕೇಳಿದ್ದಕ್ಕೆ ಅವರು, ಅಹಮದಾಬಾದಿನಲ್ಲಿ ಕಾರಿದ್ದರೆ ಎಲ್ಲವೂ ಪಕ್ಕದಲ್ಲೇ ಎಂದರು. ನನ್ನ ಬಳಿ ಇರುವುದು ಸ್ಕೂಟರು.

ಮೊದಲ ಸೋಮವಾರ ಅವರು ತೋರಿಸಿದ ಫ್ಲ್ಯಾಟು ನಿಜಕ್ಕೂ ಚೆನ್ನಾಗಿತ್ತು. ಎರಡು ಕಡೆ ಬಾಲ್ಕನಿ, ಹೋಟೆಲಿಗೆ ಹತ್ತು ನಿಮಿಷ, ಕೆಳಗೆ ಹುಲ್ಲು ಹಾಸಿನ ಉದ್ಯಾನ. ಉದ್ಯಾನದಲ್ಲಿ ಒಬ್ಬರೂ ಇರಲಿಲ್ಲ. ನಾನು ನೋಟುಬುಕ್ಕಿನಲ್ಲಿ ಒಂಬತ್ತು, ಒಂಬತ್ತೂವರೆ ಎಂದು ಬರೆಯುತ್ತಿರುವಾಗ ಹಸಮುಖಭಾಯಿ, ಈ ಕಟ್ಟಡದ ಸೊಸೈಟಿಯ ಚೇರ್ಮನ್ನರು ಒಮ್ಮೆ ನಿಮ್ಮನ್ನು ನೋಡಬೇಕಂತೆ ಎಂದರು. ಮನೆ ನೋಡಲು ಹೋದವನು ಹೆಣ್ಣಿನ ಹಾಗೆ ತಲೆ ಬಾಚಿಕೊಂಡು ಚೇರ್ಮನ್ನರ ಮುಂದೆ ಕೂತೆ. ಅವರು ವಿನಯವಂತರು. ನೀರು ಕೊಟ್ಟರು, ಚಹಾ ಕೊಟ್ಟರು, ನಮ್ಮ ಕಡೆಯ ದೋಸೆಯನ್ನು ಹೊಗಳಿದರು. ಆಮೇಲೆ, "ನೀವು ವೆಜಿಟೇರಿಯನ್ ತಾನೇ?" ಎಂದು ಕೇಳಿದರು. ನಾನು ಒಂದು ಕ್ಷಣವೂ ತಡೆಯದೆ, "ಸರ್, ನಾನು ಪ್ಯೂರ್ ವೆಜ್ ಹೋಟೆಲು ನಡೆಸುವವನು" ಎಂದೆ. ಇದರಲ್ಲಿ ಸುಳ್ಳಿನ ಒಂದು ಕಾಳೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಚೇರ್ಮನ್ನರು ಸಂತೋಷದಿಂದ ತಲೆಯಾಡಿಸಿದರು. ಅಷ್ಟರಲ್ಲಿ ಧೃತಿ ನನ್ನ ತೋಳು ಎಳೆದು, "ಪಪ್ಪಾ, ಬಂಗುಡೆ ವೆಜ್ಜಾ?" ಎಂದಳು. ಕನ್ನಡದಲ್ಲೇ ಕೇಳಿದಳು. ಸಾಧಾರಣವಾಗಿ ಅವಳ ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತದೆ. ಆ ದಿನ ಮಾತ್ರ ವ್ಯಾಕರಣಶುದ್ಧವಾಗಿತ್ತು.

ಚೇರ್ಮನ್ನರು ಮುಗುಳುನಗುತ್ತ, "ಬೇಬಿ ಶು ಕಹೇ ಛೇ?" ಅಂದರೆ ಮಗು ಏನನ್ನುತ್ತಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ವನಜ ಚೊಕ್ಕ ಗುಜರಾತಿಯಲ್ಲಿ, "ಮೀನು ಶಾಕಾಹಾರವೇ ಅಂತ ಕೇಳ್ತಿದ್ದಾಳೆ. ನಾವು ಮನೆಯಲ್ಲಿ ಮೀನು ತಿನ್ನುತ್ತೇವೆ" ಎಂದಳು. ಚೇರ್ಮನ್ನರ ವಿನಯ ಕಡಿಮೆಯಾಗಲಿಲ್ಲ. ಇನ್ನೊಂದು ಲೋಟ ನೀರು ಕೂಡ ಕೊಟ್ಟರು. ಆದರೆ ಫ್ಲ್ಯಾಟು ಹೋಯಿತೆಂದು ಎಲ್ಲರಿಗೂ ಗೊತ್ತಾಯಿತು. ಮೆಟ್ಟಿಲಿಳಿಯುವಾಗ ನಾನು, ಅಷ್ಟು ನೇರವಾಗಿ ಹೇಳುವ ಅಗತ್ಯವೇನಿತ್ತು ಎಂದು ಗೊಣಗಿದೆ. "ಎಂತ ಮಾಡ್ಬೇಕಿತ್ತು?" ಎಂದಳು ವನಜ. "ಕಿಟಕಿ ಎಲ್ಲ ಮುಚ್ಚಿ, ಊದುಬತ್ತಿ ಹಚ್ಚಿ, ಕಳ್ಳರ ಹಾಗೆ ಮೀನು ಹುರೀಬೇಕಾ? ಯಾರಾದ್ರೂ ಕೇಳಿದ್ರೆ ಎಂತ ಹೇಳ್ಬೇಕು ಅಂತ ಮಗುವಿಗೆ ಬೇರೆ ಕಲಿಸ್ಬೇಕು. ಹೊಸ ಸ್ಕೂಲಿನ ಪಾಠವೇ ಸಾಕು ಅವಳಿಗೆ." ಹಸಮುಖಭಾಯಿ ನಮ್ಮ ಹಿಂದೆ ಇಳಿಯುತ್ತ, ಎಲ್ಲೋ ಒಂದು ಕಡೆ ಸಿಗುತ್ತದೆ ಎಂದು ಮೊದಲ ಸಲ ಸ್ವಲ್ಪ ಮೆತ್ತಗಿನ ಧ್ವನಿಯಲ್ಲಿ ಹೇಳಿದರು. ಅವರಿಗೂ ಬೇಜಾರಾಗಿತ್ತು ಎಂದು ಕಾಣುತ್ತದೆ. ಅಥವಾ ಕಮಿಷನ್ ಹೋದದ್ದಕ್ಕೂ ಇರಬಹುದು. ಮನುಷ್ಯನನ್ನು ಯಾಕೆ ಕೀಳಾಗಿ ಎಣಿಸಬೇಕು, ಬೇಜಾರಾಗಿತ್ತು ಎಂದೇ ಇಟ್ಟುಕೊಳ್ಳೋಣ.

ಎರಡನೆಯ ಸೋಮವಾರ ದೊಡ್ಡ ಸ್ಕೂಲು. ಹೆಸರು ಬೇಡ. ಅಲ್ಲಿ ಗೇಟಿನಿಂದ ಆಫೀಸಿಗೆ ಹೋಗಲು ಬ್ಯಾಟರಿಯ ಗಾಡಿ ಇತ್ತು. ಕುದುರೆ ಸವಾರಿ ಕಲಿಸುತ್ತಾರಂತೆ. ಕುದುರೆಯನ್ನು ನಾವೂ ನೋಡಿದೆವು. ನೋಡಲು ಬಂದ ಪೋಷಕರಿಂದ ಅದಕ್ಕೂ ಸಾಕಾಗಿದ್ದ ಹಾಗೆ ಕಾಣಿಸಿತು. ನಾನು ಮೊದಲು ಶೌಚಾಲಯ ನೋಡಿದೆ. ಹತ್ತಕ್ಕೆ ಹತ್ತು. ಅಡಿಗೆಮನೆ ನೋಡಬಹುದೇ ಎಂದು ಕೇಳಿದೆ. ನಮ್ಮನ್ನು ಸುತ್ತಿಸುತ್ತಿದ್ದ ಹುಡುಗಿ, ಇದುವರೆಗೂ ಯಾರೂ ಕೇಳಿಲ್ಲ ಸರ್ ಎನ್ನುತ್ತ ತೋರಿಸಿದಳು. ಅಲ್ಲಿ ಸಾಂಬಾರಿಗೆ ಸಕ್ಕರೆ ಹಾಕುತ್ತಿದ್ದರು. ಇದು ಗುಜರಾತು, ಸಕ್ಕರೆಗೆ ನನ್ನ ಆಕ್ಷೇಪವಿಲ್ಲ, ಆದರೆ ಹುಣಸೆ ಹುಳಿ ಕುದಿಯುವ ಮೊದಲೇ ಬೇಳೆ ಹಾಕಿದ್ದನ್ನು ಕಂಡು ಸುಮ್ಮನಿರಲು ಆಗಲಿಲ್ಲ. ಆ ಅಡಿಗೆಯವನಿಗೆ ವಿವರಿಸುತ್ತ ಹದಿನೈದು ನಿಮಿಷ ಕಳೆದೆ. ಅಷ್ಟರಲ್ಲಿ ನಮ್ಮ ಸಂದರ್ಶನದ ಸಮಯ ದಾಟಿತ್ತು.

ಹೌದು, ಸಂದರ್ಶನ. ಸ್ಕೂಲನ್ನು ನಾವು ಪರೀಕ್ಷಿಸಲು ಹೋಗಿದ್ದೇವೆಂದು ನಾನು ತಿಳಿದಿದ್ದೆ. ಸ್ಕೂಲಿನವರು ಬೇರೆ ರೀತಿ ತಿಳಿದಿದ್ದರು. ಇಬ್ಬರು ಮೇಡಮ್ಮುಗಳು ಎದುರು ಕೂತು, ನಿಮ್ಮ ಮಗಳ ಭವಿಷ್ಯದ ಬಗ್ಗೆ ನಿಮ್ಮ ವಿಷನ್ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭವಿಷ್ಯ ಎಂದರೆ ನನಗೆ ಮರುದಿನದ ಹಿಟ್ಟು. ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬುತ್ತದೆ, ಅದಕ್ಕಿಂತ ಮುಂದೆ ಯೋಚಿಸಿ ಅಭ್ಯಾಸವಿಲ್ಲ. ಒಳ್ಳೆಯವಳಾಗಬೇಕು ಎಂದೆ. ಅವರು ಬರೆದುಕೊಳ್ಳಲಿಲ್ಲ. ಆಮೇಲೆ ಅವರು ಧೃತಿಯ ಕಡೆ ತಿರುಗಿ ಮಾತಾಡಿಸುವ ಮೊದಲೇ, ಹಿಂದಿನ ಅನುಭವದ ಮೇಲೆ, ಮುಂಜಾಗ್ರತೆಯಾಗಿ ನಾನು, "ಇವಳಿಗೆ ಸ್ವಲ್ಪ ನಾಚಿಕೆ ಮೇಡಂ, ಹೆಚ್ಚು ಮಾತಾಡುವುದಿಲ್ಲ" ಎಂದು ತಿಳಿಸಿದೆ. ಅವರು ನಿನಗೆ ಯಾವ ವಿಷಯ ಇಷ್ಟ ಎಂದರು. ಧೃತಿ ಮೇಜಿನ ಮೇಲಿದ್ದ ಗಾಜಿನ ಗೋಲವನ್ನು ನೋಡುತ್ತ ಕೂತಳು. "ವಿಜ್ಞಾನ" ಎಂದೆ ನಾನು. ಬಿಡುವಿನಲ್ಲಿ ಏನು ಮಾಡುತ್ತೀ ಎಂದರು. "ಚಿತ್ರ ಬಿಡಿಸುತ್ತಾಳೆ" ಎಂದೆ. ಒಬ್ಬ ಮೇಡಂ ಕನ್ನಡಕ ಸರಿಮಾಡಿಕೊಂಡು, "ಸರ್, ಐದನೇ ಕ್ಲಾಸಿಗೆ ಸೇರುವವರು ನೀವೋ ಅವಳೋ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಒಂದು ವಾರದ ನಂತರ, ಸದ್ಯಕ್ಕೆ ಸೀಟು ಇಲ್ಲ ಎಂದು ಮೊಬೈಲಿಗೆ ಸಂದೇಶ ಬಂತು. ಸೀಟು ಯಾರಿಗೆ ಇಲ್ಲವೆಂದು ಅದರಲ್ಲಿ ಬರೆದಿರಲಿಲ್ಲ.

ಸಂದರ್ಶನದ ದಿನ ಮಧ್ಯಾಹ್ನವೇ ಇನ್ನೆರಡು ಸ್ಕೂಲು ನೋಡಿದೆವು. ಒಂದರಲ್ಲಿ ಮಕ್ಕಳು ಕಾರಿಡಾರಿನಲ್ಲಿ ಬಾಯಿಗೆ ಬೆರಳಿಟ್ಟು ಸಾಲಾಗಿ ನಡೆಯುತ್ತಿದ್ದರು. ಶಿಸ್ತಿಗೆ ನಾನು ಹತ್ತು ಅಂಕ ಕೊಟ್ಟೆ. ಧೃತಿ ವನಜಳ ಸೀರೆ ಹಿಡಿದುಕೊಂಡಳು. ಇನ್ನೊಂದರ ಮೈದಾನದಲ್ಲಿ ಮದುವೆಗೆ ಪೆಂಡಾಲು ಹಾಕುತ್ತಿದ್ದರು. ಎರಡರಲ್ಲೂ ನಾನು ಮರೆಯದೆ, ಇವಳಿಗೆ ಸ್ವಲ್ಪ ನಾಚಿಕೆ ಎಂಬ ಪೀಠಿಕೆ ಹಾಕಿದೆ. ವನಜ ಪಕ್ಕದಲ್ಲಿ ಕೂತು ಹೌದು ಹೌದು ಎಂದಳು.

ಮೂರನೆಯ ಸೋಮವಾರದ ಸ್ಕೂಲು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಸ್ಯಾಟಲೈಟಿನಿಂದ ಸ್ವಲ್ಪ ಆಚೆ, ಹೊಸದಾಗಿ ಕಟ್ಟಡಗಳೇಳುತ್ತಿರುವ ಕಡೆ ಒಂದು ಮನೆ ನೋಡಲು ಹೋಗಿದ್ದೆವು. ಹಸಮುಖಭಾಯಿ ಅಭ್ಯಾಸದಂತೆ ಬಾಜುಮಾ ಜ ಎಂದರು. ತಿರುಗಿ ನೋಡಿದರೆ ಸ್ಕೂಲು ನಿಜವಾಗಿಯೂ ಪಕ್ಕದಲ್ಲೇ ಇತ್ತು. ಆ ಆಶ್ಚರ್ಯಕ್ಕೇ ಒಳಗೆ ಹೋದೆವು. ಹಳೆಯ ಎರಡಂತಸ್ತಿನ ಕಟ್ಟಡ, ಬಣ್ಣ ಅಲ್ಲಲ್ಲಿ ಎದ್ದಿತ್ತು, ಅಂಗಳದಲ್ಲಿ ಒಂದು ಬೇವಿನ ಮರ. ಹೆಡ್‌ಮಿಸ್ಟ್ರೆಸ್ ಕ್ಲಾಸಿನಲ್ಲಿದ್ದಾರೆ, ಅರ್ಧ ಗಂಟೆ ಕಾಯಿರಿ ಎಂದು ಕಾಂತಾಬೆನ್ ಎಂಬ ಆಯಾ ಹೇಳಿದರು. ಹೆಡ್‌ಮಿಸ್ಟ್ರೆಸ್ಸೇ ಕ್ಲಾಸು ತೆಗೆದುಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನನಗೆ ತೀರ್ಮಾನವಾಗಲಿಲ್ಲ. ವನಜ ಮನೆ ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೋದಳು. ಧೃತಿಯನ್ನು ಬೆಂಚಿನ ಮೇಲೆ ಕೂರಿಸಿ ನಾನು ಕಟ್ಟಡದ ಹಿಂದೆ ನಲ್ಲಿಗಳನ್ನು ಪರೀಕ್ಷಿಸಲು ಹೋದೆ. ಆರು ನಲ್ಲಿಗಳು. ಒಂದು ತೊಟ್ಟಿಕ್ಕುತ್ತಿತ್ತು.

ನಾಲ್ಕನೆಯ ನಲ್ಲಿ ತಿರುಗಿಸುವಾಗ ಗೋಡೆಯ ಆಚೆಯಿಂದ ಒಂದು ಹುಡುಗಿಯ ಧ್ವನಿ ಕೇಳಿತು. ಗುಜರಾತಿಯಲ್ಲಿ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ, ಏನೋ ದೊಡ್ಡ ಕತೆ ಹೇಳುತ್ತಿದ್ದಳು. ನಡುನಡುವೆ ಒಬ್ಬ ಹೆಂಗಸು ನಗುವ ಸದ್ದು. ಎಷ್ಟು ಚಂದ ಮಾತಾಡುತ್ತಾಳಪ್ಪ ಯಾರದೋ ಮಗಳು ಎಂದುಕೊಂಡೆ. ಒಂದು ಹುಡುಗಿ ಬ್ಯಾಟರಿ ಗಾಡಿಯಲ್ಲಿ ಕೂತು ಕುದುರೆ ನೋಡಲು ಹೋದದ್ದು, ಆ ಕುದುರೆ ಆಕಳಿಸಿದ್ದು, ಅಡಿಗೆಮನೆಯಲ್ಲಿ ಯಾರೋ ಒಬ್ಬರು ಸಾಂಬಾರಿನ ಬಗ್ಗೆ ಭಾಷಣ ಮಾಡಿದ್ದು ಎಲ್ಲ ಬಂತು. ಆಗ ನನಗೆ ಹೊಳೆಯಿತು. ಹೊಳೆದ ಮೇಲೂ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮಗಳ ಧ್ವನಿಯ ಗುರುತು ಸಿಗದ ತಂದೆ ನಾನೊಬ್ಬನೇ ಇರಲಾರೆ ಎಂದು ಸಮಾಧಾನ ಹೇಳಿಕೊಂಡೆ. ಕಾಂತಾಬೆನ್ ಕೇಳಿದರು, ಈಗ ನಿನ್ನ ಪಪ್ಪಾ ಎಲ್ಲಿ? "ಮಾರಾ ಪಪ್ಪಾ ನಳ ಜುವೇ ಛೇ" ಎಂದಳು ಧೃತಿ. ನನ್ನ ಪಪ್ಪಾ ನಲ್ಲಿ ನೋಡುತ್ತಿದ್ದಾರೆ. ಎಲ್ಲ ಸ್ಕೂಲಿನಲ್ಲೂ ನೋಡುತ್ತಾರೆ. ಕಾಂತಾಬೆನ್ ಬಹಳ ಗೌರವದಿಂದ, "ಪ್ಲಂಬರ್ ಛೇ?" ಎಂದು ಕೇಳಿದರು.

ಆ ದಿನ ಹೆಡ್‌ಮಿಸ್ಟ್ರೆಸ್ಸಿಗೆ ಬಿಡುವಾಗಲಿಲ್ಲ, ಶುಕ್ರವಾರ ಬನ್ನಿ ಎಂದರು. ಸೂರತ್ತಿಗೆ ಹಿಂದಿರುಗುವ ರೈಲಿನಲ್ಲಿ ವಡೋದರಾ ದಾಟುವವರೆಗೂ ನಾನು ತಡೆದುಕೊಂಡೆ. ಆಮೇಲೆ ಕೇಳಿದೆ, "ಕಾಂತಾಬೆನ್ ಹತ್ತಿರ ಅಷ್ಟು ಮಾತಾಡಿದೆಯಲ್ಲ ಮಗಾ, ಆ ದೊಡ್ಡ ಸ್ಕೂಲಿನ ಮೇಡಮ್ಮಿನ ಹತ್ತಿರ ಯಾಕೆ ಮಾತಾಡಲಿಲ್ಲ?"

"ನೀವೇ ಹೇಳಿದ್ರಲ್ಲ, ನಾನು ಮಾತಾಡಲ್ಲ ಅಂತ" ಎಂದಳು ಅವಳು. ದೂರಿನ ಧಾಟಿಯಲ್ಲಲ್ಲ, ನೆನಪಿಸುವ ಧಾಟಿಯಲ್ಲಿ.

"ಅದು ಸುಮ್ಮನೆ ಹೇಳಿದ್ದು."

"ಸೂರತ್‌ನಲ್ಲೂ ಫಸ್ಟ್ ಡೇ ಎಲ್ಲರ ಮುಂದೆ ಹೇಳಿದ್ರಿ. ಸಬ್‌ಕೇ ಸಾಮ್ನೇ. ಇವಳು ಶೈ, ಮಾತಾಡಲ್ಲ ಅಂತ. ಆಮೇಲೆ ನಾನು ಏನಾದ್ರೂ ಹೇಳೋಕೆ ಹೋದ್ರೆ ಎಲ್ಲ ನನ್ನನ್ನೇ ನೋಡ್ತಿದ್ರು, ಇವತ್ತು ಬೋಲೇಗಿ, ಇವತ್ತು ಮಾತಾಡ್ತಾಳೆ ಅಂತ. ಮತ್ತೆ ಹೇಗೆ ಮಾತಾಡುದು? ಅದಕ್ಕೆ ಚುಪ್ ಇದ್ದೆ." ಇಷ್ಟು ಹೇಳಿ ಅವಳು ಕಡಲೆಬೀಜದ ಪೊಟ್ಟಣ ಬಿಚ್ಚಿದಳು. ಮೂರು ವರ್ಷದಿಂದ ನಾನು ಸ್ಕೂಲಿನ ತಪ್ಪು, ಏರಿಯಾದ ತಪ್ಪು, ಊರು ಬದಲಿಸಿದ ತಪ್ಪು ಎಂದು ಲೆಕ್ಕ ಹಾಕುತ್ತ ಬಂದ ಆ ನಾಲ್ಕು ತಿಂಗಳ ಮೌನ ಹೀಗೆ ಕಡಲೆಬೀಜದ ನಡುವೆ ಮುಗಿದುಹೋಯಿತು. ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ವನಜ ಕಿಟಕಿಯ ಹೊರಗೆ ನೋಡುತ್ತ, "ಬಿಡಿ. ಒಬ್ಬರೇ ತಲೆ ಮೇಲೆ ಹಾಕಿಕೊಳ್ಬೇಡಿ. ನಾನೂ ಅಲ್ಲೇ ಇದ್ದೆ, ಹೌದು ಹೌದು ಅಂತ ತಲೆ ಅಲ್ಲಾಡಿಸಿದ್ದೆ" ಎಂದಳು. ನಮ್ಮ ಹದಿಮೂರು ವರ್ಷದ ಸಂಸಾರದಲ್ಲಿ ಅವಳು ನನ್ನ ತಪ್ಪಿನಲ್ಲಿ ಅರ್ಧ ಪಾಲು ಕೇಳಿ ತೆಗೆದುಕೊಂಡದ್ದು ಅದೊಂದೇ ಸಲ. ಧೃತಿ ಇಬ್ಬರಿಗೂ ಕಡಲೆಬೀಜ ಕೊಟ್ಟಳು.

ಶುಕ್ರವಾರ ಹೋಟೆಲು ತಮ್ಮನಿಗೆ ಬಿಟ್ಟು ಮತ್ತೆ ಹೋದೆವು. ಹೆಡ್‌ಮಿಸ್ಟ್ರೆಸ್ ಬೆಳ್ಳಿ ಕೂದಲಿನ ಸಣ್ಣ ಹೆಂಗಸು, ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಮಗಳು ಹೇಗೆ, ಸ್ವಭಾವ ಹೇಗೆ ಎಂದು ನನ್ನನ್ನು ಕೇಳಿದರು. ನಾನು ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡು, "ಅವಳನ್ನೇ ಕೇಳಿ ಮೇಡಂ" ಎಂದೆ. ಅವರು ಕೇಳಿದರು. ಧೃತಿ ಸುಮ್ಮನಿದ್ದಳು. ನನ್ನ ಬಾಯಿಯ ತುದಿಗೆ ವಿಜ್ಞಾನ, ಚಿತ್ರಕಲೆ, ನಾಚಿಕೆ ಎಲ್ಲವೂ ಬಂದು ನಿಂತಿದ್ದವು. ವನಜ ಮೇಜಿನ ಕೆಳಗೆ ನನ್ನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿ ಹಿಡಿದಿದ್ದಳು. ಹೆಡ್‌ಮಿಸ್ಟ್ರೆಸ್ಸಿಗೆ ಏನೂ ಅವಸರವಿದ್ದ ಹಾಗೆ ಕಾಣಲಿಲ್ಲ. ಅವರು ಕೈಯ ಪುಡಿ ಒರೆಸಿಕೊಳ್ಳುತ್ತ ಕಾದರು. ಬಹಳ ಹೊತ್ತಾದ ಮೇಲೆ ಧೃತಿ, "ಇಲ್ಲಿ ಲೈಬ್ರರಿ ಪುಸ್ತಕ ಮನೆಗೆ ಕೊಡ್ತೀರಾ?" ಎಂದು ಗುಜರಾತಿಯಲ್ಲಿ ಕೇಳಿದಳು. ಎರಡು ಕೊಡುತ್ತೇವೆ ಎಂದರು ಅವರು. ರಜೆಯಲ್ಲಿ? ರಜೆಯಲ್ಲಿ ಐದು. ಅಲ್ಲಿಂದ ಮುಂದೆ ಅವರಿಬ್ಬರದೇ ಮಾತು. ನಮ್ಮಿಬ್ಬರನ್ನು ಹೊರಗೆ ಕೂತಿರಲು ಹೇಳಿದರು. ನನ್ನ ನೋಟುಬುಕ್ಕಿನ ಪ್ರಕಾರ ಆ ಸ್ಕೂಲು ಕೊನೆಯಿಂದ ಎರಡನೆಯದು.

ಮನೆಯ ತೀರ್ಮಾನ ವನಜಳದ್ದು. ಬ್ರೋಕರುಗಳು ಮನೆ ತೋರಿಸುವುದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಜಗತ್ತೆಲ್ಲ ಶಾಂತಿಯಾಗಿಯೇ ಇರುತ್ತದೆ, ಸಂಜೆ ಐದೂವರೆಗೆ ನೋಡಬೇಕು ಎಂಬುದು ಅವಳ ವಾದ. ಅಂದೇ ಸಂಜೆ ಸ್ಕೂಲಿನ ಪಕ್ಕದ ಆ ಕಟ್ಟಡದ ಕೆಳಗೆ ನಿಂತೆವು. ಐದೂವರೆಗೆ ಮೆಟ್ಟಿಲಿನಿಂದ ಮಕ್ಕಳು ಚೀಲದಿಂದ ಬಟಾಟೆ ಸುರಿದ ಹಾಗೆ ಇಳಿದುಬಂದರು. ಯಾರದೋ ಚೆಂಡು ಹಸಮುಖಭಾಯಿಯ ಸ್ಕೂಟರಿಗೆ ಬಡಿಯಿತು. ಅವರು ಏಕ್‌ದಮ್ ಶಾಂತಿ ಎನ್ನಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ವನಜ, "ಇದೇ ಸಾಕು" ಎಂದಳು. ಸೊಸೈಟಿಯ ಕಾರ್ಯದರ್ಶಿ ನಿವೃತ್ತ ರೈಲ್ವೆಯವರು. ಅವರು ಕೇಳುವ ಮೊದಲೇ ಇವಳು, ನಾವು ವಾರಕ್ಕೊಮ್ಮೆ ಮೀನು ಮಾಡುತ್ತೇವೆ ಎಂದು ಹೇಳಿಬಿಟ್ಟಳು. ಅವರು ಸ್ವಲ್ಪ ಯೋಚಿಸಿ, "ಎರಡನೆ ಮಾಳಿಗೆಯ ಬಂಗಾಳಿಗಳೂ ಮಾಡುತ್ತಾರೆ. ಅಡಿಗೆಮನೆ ಬಾಗಿಲು ಹಾಕಿಕೊಳ್ಳಿ ಬೆನ್, ನನ್ನ ಹೆಂಡತಿಗೆ ತಲೆನೋವು ಬರುತ್ತದೆ" ಎಂದರು. ನಾವು ಒಪ್ಪಿದೆವು. ಇಷ್ಟು ಸಣ್ಣ ಕರಾರಿಗೆ ನಾನು ಎರಡು ತಿಂಗಳು ಸಂಶೋಧನೆ ಮಾಡಿದ್ದೆ.

ಈಗ ಇಲ್ಲಿಗೆ ಬಂದು ಆರು ತಿಂಗಳಾಯಿತು. ಧೃತಿ ಸ್ಕೂಲಿನಲ್ಲಿ ಕೆಲವು ದಿನ ಮಾತಾಡುತ್ತಾಳಂತೆ, ಕೆಲವು ದಿನ ಇಲ್ಲವಂತೆ. ನಾನು ಕೇಳಲು ಹೋಗುವುದಿಲ್ಲ. ಎಲ್ಲವೂ ಸುಖವಾಗಿತ್ತು. ಆದರೆ ಕಳೆದ ಭಾನುವಾರ ಕಾರ್ಯದರ್ಶಿಯವರು ಬಂದು, ಮೂರನೆಯ ಮಾಳಿಗೆಯ ಖಾಲಿ ಫ್ಲ್ಯಾಟು ಕೇಳಿಕೊಂಡು ಇಬ್ಬರು ಹುಡುಗಿಯರು ಬಂದಿದ್ದಾರೆ, ಕೆಲಸದಲ್ಲಿದ್ದಾರೆ, ಮದುವೆಯಾಗಿಲ್ಲ, ಕಮಿಟಿಯವರಿಗೆ ಸ್ವಲ್ಪ ಅನುಮಾನ, ನಿಮ್ಮ ಕರ್ನಾಟಕದವರೇ, ನೀವೂ ಬಂದು ಒಂದು ಮಾತು ಕೇಳಿ ಎಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಕಮಿಟಿಯ ಮೇಜಿನ ಈಚೆ ಬದಿಯಲ್ಲಿ ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಎಂಬುದು ಆ ದಿನ ತಿಳಿಯಿತು. ಎದುರಿಗೆ ಇಬ್ಬರು ಹುಡುಗಿಯರು, ಒಬ್ಬಳು ಹಾಸನದವಳು, ಇನ್ನೊಬ್ಬಳು ಧಾರವಾಡದವಳು. ಉಳಿದವರು ಎರಡೆರಡು ಪ್ರಶ್ನೆ ಕೇಳಿ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಬರುತ್ತೀರಿ, ಮನೆಗೆ ಯಾರು ಯಾರು ಬಂದು ಹೋಗುತ್ತಾರೆ, ಅಪ್ಪ ಏನು ಮಾಡುತ್ತಾರೆ, ಹಿಂದಿನ ಮನೆ ಯಾಕೆ ಬಿಟ್ಟಿರಿ, ಎಷ್ಟು ವರ್ಷ ಇರುತ್ತೀರಿ. ಕಮಿಟಿಯವರು ಮೆಚ್ಚುಗೆಯಿಂದ ನನ್ನ ಕಡೆ ನೋಡುತ್ತಿದ್ದರು. ಹುಡುಗಿಯರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಹೇಳಿದರು. ನಾನು ಮುಂದಿನದಕ್ಕೆ ಬಾಯಿ ತೆರೆಯುವಾಗ ಧಾರವಾಡದ ಹುಡುಗಿ ಕನ್ನಡದಲ್ಲಿ, "ಅಂಕಲ್, ನಾವೂ ಒಂದು ಪ್ರಶ್ನೆ ಕೇಳಬೋದೇನ್ರೀ?" ಎಂದಳು. ಧಾರಾಳವಾಗಿ ಕೇಳಮ್ಮ ಎಂದೆ.

"ಈ ಬಿಲ್ಡಿಂಗ್ ಮಂದಿ ಹೆಂಗ ಅದಾರ್ರೀ? ಬಾಳ ಪ್ರಶ್ನೆ ಕೇಳೋ ಪೈಕಿ ಏನು?"

ಕಮಿಟಿಯವರು ಕುತೂಹಲದಿಂದ ನನ್ನ ಕಡೆ ತಿರುಗಿದರು. ಏನು ಕೇಳಿದಳು ಎಂದು ಕಾರ್ಯದರ್ಶಿಯವರು ವಿಚಾರಿಸಿದರು. ನನ್ನ ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು. "ಮನೆ ಇಷ್ಟವಾಗಿದೆಯಂತೆ ಸಾಹೇಬರೇ" ಎಂದೆ. "ನಮ್ಮನ್ನು ಒಪ್ಪಬೇಕೋ ಬೇಡವೋ ಎಂದು ಮಾತ್ರ ಇನ್ನೂ ಯೋಚಿಸುತ್ತಿದ್ದಾರಂತೆ."